ಒಂದು ಲಕ್ಷ ನಲವತ್ತು ಸಾವಿರ ಸಾಲುಗಳ ವಂಶಕಥೆ

2003ನೆಯ ಇಸವಿಯ ಜನವರಿ 7ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನೆರೆದ ಮಹಾಸಭೆಯೊಂದರ ಮುಂದೆ ಆ್ಯಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಅವರು ಸಫಾರಿ ಎಂಬ ಹೊಸ ಬ್ರೌಸರನ್ನು ಪ್ರಕಟಪಡಿಸಿದರು. ಅದೇ ದಿನ, ಆ ಬ್ರೌಸರನ್ನು ಗುಪ್ತವಾಗಿ ಕಟ್ಟಿ ನಿಲ್ಲಿಸಿದ್ದ ತಂಡದ ನಾಯಕ ಡಾನ್ ಮೆಲ್ಟನ್ ಅವರಿಂದ ಕೆಡಿಇ ಎಂಬ ಸ್ವಯಂಸೇವಕ ಬಳಗದ ಪ್ರೋಗ್ರಾಮರುಗಳಿಗೆ ಒಂದು ಪತ್ರ ಹೋಯಿತು. ‘ನೀವು ಬರೆದ ಕೆಎಚ್‌ಟಿಎಂಎಲ್ ಎಂಬ ಎಂಜಿನ್ನಿನ ಮೇಲೆಯೇ ನಮ್ಮ ಸಫಾರಿ ನಿಂತಿದೆ. ಅದರ ಕೋಡ್ 1,40,000 ಸಾಲುಗಳಿಗೂ ಕಡಿಮೆಯಾಗಿದ್ದುದರಿಂದಲೂ, ಅದರ ರಚನೆ ನಿರ್ಮಲವಾಗಿದ್ದುದರಿಂದಲೂ ಅದನ್ನೇ ಆರಿಸಿಕೊಂಡೆವು. ನಾವು ಮಾಡಿದ ತಿದ್ದುಪಾಟುಗಳನ್ನು ನಿಮಗೆ ಹಿಂದಿರುಗಿಸುತ್ತೇವೆ’ ಎಂಬುದು ಆ ಪತ್ರದ ಸಾರಾಂಶ. ಐಶ್ವರ್ಯಕ್ಕೂ ಪ್ರತಿಭಾವಂತರಿಗೂ ಕೊರತೆಯಿಲ್ಲದ ಸಂಸ್ಥೆಯೊಂದು ತನ್ನ ಆಯ್ಕೆಗೆ ಕಾರಣವನ್ನು ಹೇಳುವಾಗ ಇತರರ ಕೃತಿಯ ವೈಪುಲ್ಯವನ್ನಲ್ಲ, ಲಾಘವವನ್ನು ಎತ್ತಿ ಹೇಳಿತೆಂಬುದು ಸಾಮಾನ್ಯವಾದ ಸಂಗತಿಯಲ್ಲ. ಇಂದು ಪ್ರಪಂಚದ ಬಹುಪಾಲು ಜನ ವೆಬ್ ಪುಟಗಳನ್ನು ಕಾಣುತ್ತಿರುವುದು ಆ ಸಾಲುಗಳ ಸಂತತಿಯ ಮೂಲಕವಾದ್ದರಿಂದ, ಆ ವಂಶ ಬೆಳೆದ ಬಗೆಯನ್ನೂ, ಅದರ ದಾಯಾದಿಗಳು ಏತಕ್ಕಾಗಿ ವಾದಿಸಿದರೆಂಬುದನ್ನೂ ತಿಳಿಯುವುದು ಯುಕ್ತ.

ಬ್ರೌಸರಿನ ಎಂಜಿನ್ ಮಾಡುವ ಕೆಲಸವನ್ನು ಹಿಂದಿನ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದವರ ಕೆಲಸಕ್ಕೆ ಹೋಲಿಸಬಹುದು. ಲೇಖಕನಿಂದ ಬಂದ ಹಸ್ತಪ್ರತಿಯನ್ನು ಓದಿ, ಯಾವುದು ಶೀರ್ಷಿಕೆ, ಯಾವುದು ಅಡಿಟಿಪ್ಪಣಿ, ಯಾವ ಸಾಲು ಎಲ್ಲಿ ಮುರಿಯಬೇಕು, ಚಿತ್ರದ ಪಕ್ಕದಲ್ಲಿ ಎಷ್ಟು ಅಕ್ಷರ ಹಿಡಿಸೀತು ಎಂಬುದನ್ನೆಲ್ಲ ನಿರ್ಣಯಿಸಿ ಪುಟವನ್ನು ಕಟ್ಟುತ್ತಿದ್ದವರು ಅವರೇ. ಎಂಜಿನ್ನೂ ಹಾಗೆಯೇ ಎಚ್‌ಟಿಎಂಎಲ್ ಬರಹವನ್ನು ಓದಿ ಅದರ ಅಂಗಾಂಗಗಳನ್ನು ಒಂದು ವೃಕ್ಷದ ರೂಪದಲ್ಲಿ ಜೋಡಿಸಿಕೊಳ್ಳುತ್ತದೆ. ಸಿಎಸ್‌ಎಸ್ ಎಂಬ ಶೈಲಿನಿಯಮಗಳನ್ನು ಅದರ ಒಂದೊಂದು ರೆಂಬೆಗೂ ಅನ್ವಯಿಸುತ್ತದೆ. ಪ್ರತಿಯೊಂದು ಭಾಗದ ಅಗಲ, ಎತ್ತರ, ಸ್ಥಾನಗಳನ್ನು ಗಣಿಸುತ್ತದೆ. ಕಟ್ಟಕಡೆಗೆ ಪರದೆಯ ಮೇಲೆ ಬಣ್ಣವನ್ನು ಹಾಕುತ್ತದೆ. ಆದರೆ ಇದರ ಪಾಡು ಅವರದಕ್ಕಿಂತ ಕಷ್ಟತರವಾದುದು: ಕಾಗದದ ಅಳತೆ ಮೊದಲೇ ಗೊತ್ತಿರುವುದಿಲ್ಲ, ಬರಹ ಅರ್ಧ ಬಂದಿರುವಾಗಲೇ ಪುಟವನ್ನು ತೋರಿಸಬೇಕಾಗುತ್ತದೆ, ಓದುಗ ನೋಡುತ್ತಿರುವಾಗಲೇ ಒಂದು ಪದ ಬದಲಾದರೆ ಕೆಳಗಿನದೆಲ್ಲ ಸರಿದು ಹೊಸದಾಗಿ ಕೂರಬೇಕಾಗುತ್ತದೆ. ಇದೆಲ್ಲಕ್ಕಿಂತ ಮಿಗಿಲಾಗಿ, ವೆಬ್ಬಿನ ಮೇಲಿರುವ ಪುಟಗಳಲ್ಲಿ ಅನೇಕವು ನಿಯಮವನ್ನು ಮೀರಿ ಬರೆದವು. ತೆರೆದ ಟ್ಯಾಗ್ ಎಂಬ ಗುರುತನ್ನು ಮುಚ್ಚದೆ ಬಿಟ್ಟ ಬರಹವನ್ನು ಕೂಡ ಎಂಜಿನ್ ತಿರಸ್ಕರಿಸುವಂತಿಲ್ಲ, ಬರೆದವನ ಅಭಿಪ್ರಾಯವನ್ನು ಊಹಿಸಿ ನಡೆಸಿಕೊಡಬೇಕು. ಹೀಗೆ ಊಹಿಸುವ ಚಾತುರ್ಯ ಯಾವ ಗ್ರಂಥದಲ್ಲಿಯೂ ಪೂರ್ಣವಾಗಿ ಬರೆದಿರಲಿಲ್ಲ. ಸಾವಿರಾರು ಪುಟಗಳ ಮುಂದೆ ಸೋತು, ಸೋತ ಪ್ರತಿಯೊಂದು ಸಲವೂ ಇದು ಏಕೆ ಹೀಗಾಯಿತೆಂದು ಪ್ರೋಗ್ರಾಮರುಗಳು ತಮ್ಮತಮ್ಮಲ್ಲಿ ಚರ್ಚಿಸಿ, ಒಂದೊಂದು ಸಾಲಾಗಿ ಕೂಡಿಟ್ಟ ಅನುಭವ ಅದು. ಆದ್ದರಿಂದ ಎಂಜಿನ್ನಿನ ಕೋಡ್ ಎಷ್ಟು ಮುಖ್ಯವೋ, ಆ ಕೋಡ್ ಏಕೆ ಹಾಗಿದೆಯೆಂಬ ಚರ್ಚೆಯೂ ಅಷ್ಟೇ ಮುಖ್ಯ. ಮುಂದೆ ಬರುವ ಕಲಹದ ಬೀಜವೂ ಇಲ್ಲಿಯೇ ಇದೆ.

ಈ ವಂಶ ಹುಟ್ಟುವ ಕಾಲಕ್ಕೆ ಬ್ರೌಸರುಗಳ ಲೋಕ ಹೇಗಿತ್ತೆಂಬುದನ್ನು ಮೊದಲು ನೋಡಬೇಕು. ಬ್ರೌಸರನ್ನು ಮಾಡುತ್ತಿದ್ದ ನೆಟ್‌ಸ್ಕೇಪ್ ಸಂಸ್ಥೆ ಮೈಕ್ರೋಸಾಫ್ಟಿನ ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಎದುರು ನೆಲೆ ತಪ್ಪುತ್ತಿದ್ದಾಗ, 1998ರ ಜನವರಿಯಲ್ಲಿ ತನ್ನ ಬ್ರೌಸರಿನ ಮೂಲಕೋಡನ್ನು ಸಾರ್ವಜನಿಕರಿಗೆ ಒಪ್ಪಿಸುವುದಾಗಿ ಸಾರಿ, ಮಾರ್ಚ್ 31ರಂದು ಆ ಮಾತನ್ನು ನಡೆಸಿಕೊಟ್ಟಿತು. ಮೊಜಿಲ್ಲಾ ಯೋಜನೆಯ ಜನ್ಮ ಅದು. ಆದರೆ ಹಳೆಯ ಕೋಡ್ ಹೊಸ ಸಿಎಸ್‌ಎಸ್ ನಿಯಮಗಳ ಭಾರವನ್ನು ಹೊರಲಾರದೆಂದು ಕಂಡುಬಂದುದರಿಂದ, ಅದೇ ವರ್ಷದ ಅಕ್ಟೋಬರಿನಲ್ಲಿ ಅದನ್ನು ಕೈಬಿಟ್ಟು, ಗೆಕ್ಕೋ ಎಂದು ಹೆಸರಾದ ಹೊಸ ಎಂಜಿನ್ನನ್ನು ಬುಡದಿಂದ ಕಟ್ಟುವ ನಿರ್ಧಾರವಾಯಿತು. 1997ರ ಜೂನಿನಲ್ಲಿ ನಾಲ್ಕನೆಯ ಆವೃತ್ತಿಯನ್ನು ಕೊಟ್ಟ ನೆಟ್‌ಸ್ಕೇಪ್ ಅದರ ಮುಂದಿನ ಮಹಾ ಆವೃತ್ತಿಯನ್ನು ಹೊರತಂದದ್ದು 2000ದ ನವೆಂಬರಿನಲ್ಲಿ. ಅಷ್ಟು ಹೊತ್ತಿಗೆ ಓದುಗರು ಎದುರಾಳಿಯ ಮನೆಗೆ ನಡೆದುಬಿಟ್ಟಿದ್ದರು. ಗೆಕ್ಕೋ ಮುಂದೆ ಫೈರ್‌ಫಾಕ್ಸಿನ ಹೃದಯವಾಗಿ ಕೀರ್ತಿಯನ್ನು ಪಡೆಯಿತೆಂಬುದು ನಿಜ. ಆದರೆ 2001ರ ಸುಮಾರಿಗೆ ಅದನ್ನು ಹೊಸಬನೊಬ್ಬ ಹೊಕ್ಕು ನೋಡುವುದೆಂದರೆ ಅರಣ್ಯಪ್ರವೇಶವೇ ಆಗಿತ್ತು.

ಅತ್ತ ಯೂರೋಪಿನಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಲಿನಕ್ಸ್ ಗಣಕಗಳಿಗೆ ಸಾಮಾನ್ಯರೂ ಬಳಸಬಲ್ಲ ಒಂದು ಚಿತ್ರಮಯ ಆವರಣವಿರಬೇಕೆಂದು ಜರ್ಮನಿಯ ಮತ್ತಿಯಾಸ್ ಎಟ್ರಿಚ್ ಅವರು 1996ರ ಅಕ್ಟೋಬರಿನಲ್ಲಿ ಆರಂಭಿಸಿದ ಕೆಡಿಇ ಬಳಗಕ್ಕೆ ತನ್ನದೇ ಬ್ರೌಸರ್ ಬೇಕಾಗಿತ್ತು. ಬಳಗದಲ್ಲಿ ಮೊದಲೇ ಇದ್ದ ಚಿಕ್ಕ ಎಚ್‌ಟಿಎಂಎಲ್ ಘಟಕವನ್ನು ಲಾರ್ಸ್ ನೋಲ್ ಅವರು 1999ರಲ್ಲಿ ಕೈಗೆತ್ತಿಕೊಂಡು ಹೊಸದಾಗಿ ಬರೆದರು. ಆಂಟಿ ಕೊಯಿವಿಸ್ಟೋ, ಡಿರ್ಕ್ ಮ್ಯುಲ್ಲರ್ ಮೊದಲಾದವರು ಕೂಡಿಕೊಂಡರು. ಹಾರಿ ಪೋರ್ಟನ್ ಅವರು ಕೆಜೆಎಸ್ ಎಂಬ ಜಾವಾಸ್ಕ್ರಿಪ್ಟ್ ಘಟಕವನ್ನು ಕೊಟ್ಟರು. 2000ದ ಅಕ್ಟೋಬರಿನಲ್ಲಿ ಕೆಡಿಇ 2 ಹೊರಬಂದಾಗ ಅದರ ಜೊತೆಗೆ ಕಾಂಕರರ್ ಎಂಬ ಬ್ರೌಸರೂ, ಅದರೊಳಗೆ ಕೆಎಚ್‌ಟಿಎಂಎಲ್ಲೂ ಇದ್ದವು. ನೆಟ್‌ಸ್ಕೇಪಿನವರು ದೊಡ್ಡ ಸೈನ್ಯದೊಡನೆ ವರ್ಷಗಟ್ಟಲೆ ಹೆಣಗಿ ಸಾಧಿಸಿದ್ದರ ಬಹುಭಾಗವನ್ನು ಈ ಬೆರಳೆಣಿಕೆಯ ಜನ ಕಡಿಮೆ ಕಾಲದಲ್ಲಿ ಸಾಧಿಸಿದ್ದರೆ, ಅದಕ್ಕೆ ಮುಖ್ಯ ಕಾರಣ ಅವರು ಕೃತಿಯನ್ನು ಅನವಶ್ಯಕವಾಗಿ ಬೆಳೆಯಗೊಡದೆ ಇದ್ದದ್ದು. ಪುಟದ ಪ್ರತಿಯೊಂದು ಭಾಗವನ್ನೂ ಪ್ರತಿನಿಧಿಸಲು ಅವರು ಕಲ್ಪಿಸಿದ ರೆಂಡರ್‌ಆಬ್ಜೆಕ್ಟ್ ಎಂಬ ವರ್ಗ, ಅದರಿಂದ ಹುಟ್ಟಿದ ಇತರ ವರ್ಗಗಳು, ಅವುಗಳು ಕೂಡಿ ಆಗುವ ವೃಕ್ಷ, ಇವೆಲ್ಲ ಓದಿದವರಿಗೆ ತಡವಿಲ್ಲದೆ ಮನಸ್ಸಿಗೆ ಹತ್ತುವಷ್ಟು ಸ್ಫುಟವಾಗಿದ್ದವು.

ಆ್ಯಪಲ್ ಸಂಸ್ಥೆಯಲ್ಲಿ ಬ್ರೌಸರಿನ ಕೆಲಸ 2001ರ ಜೂನಿನಲ್ಲಿ ಮೊದಲಾಯಿತು. ನೆಟ್‌ಸ್ಕೇಪಿನಲ್ಲಿ ದುಡಿದು ಬಂದಿದ್ದ ಮೆಲ್ಟನ್ ಅವರೂ, ಅವರೊಡನೆ ಅದೇ ತಿಂಗಳು ಸೇರಿದ ಕೆನ್ ಕೊಸಿಯೆಂಡಾ ಅವರೂ ಮೊದಲು ಮೊಜಿಲ್ಲಾದ ಕೋಡನ್ನು ಮ್ಯಾಕಿನ ಮೇಲೆ ನಡೆಸಲು ವಾರಗಟ್ಟಲೆ ಬೆವರು ಸುರಿಸಿದರು. ತರುವಾಯ ತಂಡಕ್ಕೆ ಬಂದ ರಿಚರ್ಡ್ ವಿಲಿಯಮ್ಸನ್ ಅವರು ಕಾಂಕರರನ್ನು ಹಿಡಿದು, ಕೆಲವೇ ದಿನಗಳಲ್ಲಿ ಮ್ಯಾಕಿನ ಪರದೆಯ ಮೇಲೆ ಹೇಗೋ ಓಡುವಂತೆ ಮಾಡಿ ತೋರಿಸಿದಾಗ ಎಲ್ಲರ ಕಣ್ಣು ತೆರೆಯಿತು. ಕೆಎಚ್‌ಟಿಎಂಎಲ್ ನಾರ್ವೆಯ ಟ್ರೋಲ್‌ಟೆಕ್ ಸಂಸ್ಥೆಯ ಕ್ಯೂಟಿ ಎಂಬ ಉಪಕರಣಸಂಗ್ರಹವನ್ನು ಆಶ್ರಯಿಸಿತ್ತು. ಮ್ಯಾಕಿನಲ್ಲಿ ಅದರ ಸ್ಥಾನವನ್ನು ತುಂಬಲು ಆ್ಯಪಲ್ ತಂಡ ಒಂದು ತೆಳುವಾದ ಮಧ್ಯಸ್ಥ ಪದರವನ್ನು ಬರೆದುಕೊಂಡು, ಮೂಲದ ಕೋಡನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿತು. ಡ್ಯಾರಿನ್ ಆಡ್ಲರ್, ಮ್ಯಾಸೀ ಸ್ಟಾಹೋವಿಯಾಕ್, ಮೊಜಿಲ್ಲಾದಿಂದ ಬಂದ ಡೇವ್ ಹಾಯಟ್ ಇವರು ಸೇರಿದ ಮೇಲೆ ಕೆಲಸಕ್ಕೆ ವೇಗವೊದಗಿತು. ಆ ವೇಗವನ್ನು ಕಾಯಲು ತಂಡ ಕಟ್ಟಿಕೊಂಡ ಒಂದು ಸಾಧನವನ್ನು ಇಲ್ಲಿ ನೆನೆಯಬೇಕು: ಆಯ್ದ ವೆಬ್ ಪುಟಗಳನ್ನು ಒಂದಾದಮೇಲೊಂದರಂತೆ ತೆರೆದು ಒಟ್ಟು ಕಾಲವನ್ನು ಅಳೆಯುವ ಪರೀಕ್ಷೆ ಅದು. ಯಾವ ತಿದ್ದುಪಾಟೇ ಆಗಲಿ ಅದರಿಂದ ಬ್ರೌಸರ್ ಮೊದಲಿಗಿಂತ ನಿಧಾನವಾಗುವುದಾದರೆ ಅದನ್ನು ಒಳಗೆ ಸೇರಿಸಕೂಡದೆಂಬುದು ಮೆಲ್ಟನ್ ಅವರ ಕಟ್ಟಪ್ಪಣೆ. ಹೊಸದನ್ನು ಸೇರಿಸಿ ನಿಧಾನವಾದರೆ, ಬೇರೆಲ್ಲಾದರೂ ಅಷ್ಟು ಕಾಲವನ್ನು ಉಳಿಸಿ ಸಾಲ ತೀರಿಸಿದ ಮೇಲೆಯೇ ಪ್ರವೇಶ. ಗುಟ್ಟನ್ನು ಕಾಯುವುದರಲ್ಲಿಯೂ ಅವರು ಇಷ್ಟೇ ಕಟ್ಟುನಿಟ್ಟು. ಪ್ರಕಟಣೆಯ ದಿನದವರೆಗೂ ಸಫಾರಿ ತಾನು ಬೇರೆ ಬ್ರೌಸರೆಂದೇ ವೆಬ್ ತಾಣಗಳಿಗೆ ಹೇಳಿಕೊಳ್ಳುತ್ತಿತ್ತು.

ಕೆಎಚ್‌ಟಿಎಂಎಲ್ಲಿನ ಪರವಾನಗಿಯಾದ ಎಲ್‌ಜಿಪಿಎಲ್, ತಿದ್ದಿ ಹಂಚುವವರು ತಿದ್ದಿದ ಮೂಲಕೋಡನ್ನೂ ಕೊಡಬೇಕೆಂದು ವಿಧಿಸುತ್ತದೆ. ಆ್ಯಪಲ್ ಅದನ್ನು ಚಾಚೂ ತಪ್ಪದೆ ಪಾಲಿಸಿತು. ಮೊದಲ ಪತ್ರದ ಸಂಗಡ ತಿದ್ದುಪಾಟುಗಳೂ ಅವುಗಳ ವಿವರಣೆಯೂ ಹೋಗಿದ್ದುವು. ಆದರೆ ಬರಬರುತ್ತ, ಸಫಾರಿಯ ಹೊಸ ಆವೃತ್ತಿ ಬಂದಾಗಲೊಮ್ಮೆ ತಿದ್ದಿದ ಕೋಡೆಲ್ಲವೂ ಒಂದೇ ದೊಡ್ಡ ಮೂಟೆಯಾಗಿ ಹೊರಬೀಳತೊಡಗಿತು. ಯಾವ ಸಾಲನ್ನು ಯಾವ ದೋಷದ ನಿವಾರಣೆಗಾಗಿ ಬದಲಿಸಿದರು, ಯಾವ ಬದಲಾವಣೆ ಮೊದಲು, ಯಾವುದು ಅನಂತರ ಎಂಬುದು ಮೂಟೆಯನ್ನು ಬಿಚ್ಚಿದವರಿಗೆ ಗೊತ್ತಾಗುವಂತಿರಲಿಲ್ಲ. ತಿದ್ದುಪಾಟುಗಳ ಟಿಪ್ಪಣಿಗಳು ಆ್ಯಪಲ್ಲಿನ ಒಳಗಿನ ದೋಷಪಟ್ಟಿಯ ಸಂಖ್ಯೆಗಳನ್ನು ಉಲ್ಲೇಖಿಸುತ್ತಿದ್ದುವು. ಆ ಪಟ್ಟಿ ಹೊರಗಿನವರಿಗೆ ನಿಷಿದ್ಧ. ಅನೇಕ ತಿದ್ದುಪಾಟುಗಳು ಮ್ಯಾಕ್ ವ್ಯವಸ್ಥೆಯ ವಿಶಿಷ್ಟ ಸೌಲಭ್ಯಗಳೊಡನೆ ಹೆಣೆದುಕೊಂಡಿದ್ದುದರಿಂದ, ಅವುಗಳನ್ನು ಬಿಡಿಸಿ ಲಿನಕ್ಸಿಗೆ ಹೊಂದಿಸುವುದು ಹೊಸದಾಗಿ ಬರೆಯುವುದಕ್ಕಿಂತ ಕಷ್ಟವಾಯಿತು. ದಿನದ ಉದ್ಯೋಗವನ್ನು ಮುಗಿಸಿ ರಾತ್ರಿಯ ವಿರಾಮದಲ್ಲಿ ಕೋಡ್ ಬರೆಯುತ್ತಿದ್ದವರಿಗೆ ಅಷ್ಟು ಅವಕಾಶವೆಲ್ಲಿಯದು?

2005ರ ವಸಂತದಲ್ಲಿ ಈ ಅಸಮಾಧಾನ ಬಹಿರಂಗವಾಯಿತು. ಸಿಎಸ್‌ಎಸ್ ನಿಯಮಗಳನ್ನು ಬ್ರೌಸರುಗಳು ಎಷ್ಟು ನಿಷ್ಠೆಯಿಂದ ಪಾಲಿಸುತ್ತವೆಂದು ನೋಡಲು ಆ ಏಪ್ರಿಲ್ ತಿಂಗಳಲ್ಲಿ ಆ್ಯಸಿಡ್2 ಎಂಬ ಪರೀಕ್ಷಾಪುಟ ಪ್ರಕಟವಾಗಿತ್ತು. ಎಲ್ಲ ನಿಯಮಗಳನ್ನೂ ಅರಿತ ಎಂಜಿನ್ನಿನಲ್ಲಿ ಅದು ನಗುವ ಮುಖವೊಂದನ್ನು ತೋರಿಸಬೇಕು, ಅಲ್ಲವಾದರೆ ವಿಕಾರವಾದ ಚೂರುಗಳನ್ನು. ಡೇವ್ ಹಾಯಟ್ ಅವರು ಎರಡು ವಾರಗಳಲ್ಲಿ ದೋಷಗಳನ್ನು ಒಂದೊಂದಾಗಿ ತಿದ್ದುತ್ತ, ತಿದ್ದಿದ್ದನ್ನು ಆಗಿಂದಾಗ ಲೋಕಕ್ಕೆ ಹೇಳುತ್ತ, ತಿಂಗಳ ಕೊನೆಯ ವೇಳೆಗೆ ಎಲ್ಲರಿಗಿಂತ ಮೊದಲು ಆ ಮುಖವನ್ನು ನಗಿಸಿದರು. ನೋಡಿದವರೆಲ್ಲರೂ ಕಾಂಕರರಿಗೂ ಇದು ತಾನಾಗಿಯೇ ಬರುವುದೆಂದು ಭಾವಿಸಿ, ಯಾವಾಗ ಬಂದೀತೆಂದು ಕೆಡಿಇಯವರನ್ನು ಕೇಳಹತ್ತಿದರು. ಬಾರದು, ಬರುವಂತೆ ಕೊಡುವ ಪದ್ಧತಿಯೇ ಇಲ್ಲ ಎಂದು ಆ ಬಳಗದ ಅನುಭವಿಗಳು ಸಂಕಟದಿಂದ ಸ್ಪಷ್ಟಪಡಿಸಬೇಕಾಯಿತು.

ವಿಧಿಯ ಅಕ್ಷರವನ್ನು ನೋಡಿದರೆ ಆ್ಯಪಲ್ ತಪ್ಪಿರಲಿಲ್ಲ. ಆದರೂ ನ್ಯಾಯ ಕೆಡಿಇಯವರ ಪಕ್ಷದಲ್ಲಿತ್ತೆಂದೇ ನನ್ನ ದೃಢವಾದ ಅಭಿಪ್ರಾಯ. ಅವರು ಬೇಡಿದ್ದು ಹಣವನ್ನಲ್ಲ, ಕೀರ್ತಿಯನ್ನೂ ಅಲ್ಲ. ಅವರು ಬೇಡಿದ್ದು ಕಾರಣಗಳನ್ನು. ಒಂದು ಸಾಲು ಏಕೆ ಬದಲಾಯಿತೆಂಬುದನ್ನು ಬಲ್ಲವನು ನಾಳೆ ಅದನ್ನು ರಕ್ಷಿಸಬಲ್ಲ, ಅಗತ್ಯವಾದರೆ ಕಳೆಯಬಲ್ಲ. ಕಾರಣವನ್ನರಿಯದೆ ಸಾಲನ್ನು ಮಾತ್ರ ಪಡೆದವನು ಅದನ್ನು ಮುಟ್ಟಲು ಹೆದರುತ್ತಾನೆ, ಹೆದರಿದಷ್ಟೂ ಕೃತಿ ಅವನಿಂದ ದೂರವಾಗುತ್ತದೆ. ಬಹುಜನ ಕೂಡಿ ಕಟ್ಟುವ ಕೃತಿಯಲ್ಲಿ ಕೋಡನ್ನು ಕೊಟ್ಟು ಚರ್ಚೆಯನ್ನು ಮರೆಮಾಡುವುದು ಅರ್ಧ ದಾನ. ಆ್ಯಪಲ್ಲಿನ ಎಂಜಿನಿಯರುಗಳಿಗೂ ಇದು ಮನವರಿಕೆಯಾಗಿತ್ತೆಂಬುದಕ್ಕೆ ಅವರ ಮುಂದಿನ ನಡತೆಯೇ ಸಾಕ್ಷಿ. 2005ರ ಜೂನ್ 7ರಂದು ವೆಬ್‌ಕಿಟ್ ಎಂಬ ಹೆಸರಿನಲ್ಲಿ ಅವರು ತಮ್ಮ ಎಂಜಿನ್ನಿನ ಭಂಡಾರವನ್ನು, ಅದರ ಬದಲಾವಣೆಗಳ ಪೂರ್ವೇತಿಹಾಸದೊಡನೆಯೂ ಬಹಿರಂಗವಾದ ದೋಷಪಟ್ಟಿಯೊಡನೆಯೂ ಲೋಕಕ್ಕೆ ತೆರೆದಿಟ್ಟರು. ಅದೇ ತಿಂಗಳಲ್ಲಿ ಕಾಂಕರರ್ ಕೂಡ ಆ್ಯಸಿಡ್2 ಪರೀಕ್ಷೆಯನ್ನು ದಾಟಿತು.

ತೆರೆದ ಮನೆಯಲ್ಲಿ ಶಿಸ್ತನ್ನು ಕಾಪಾಡಲು ಕೆಲವು ಕಟ್ಟಳೆಗಳು ಬೇಕಾದವು. ವೆಬ್‌ಕಿಟ್ಟಿಗೆ ಸೇರುವ ಪ್ರತಿಯೊಂದು ತಿದ್ದುಪಾಟನ್ನೂ ಬರೆದವನಲ್ಲದೆ ಇನ್ನೊಬ್ಬ ವಿಮರ್ಶಕ ಓದಿ ಒಪ್ಪಬೇಕು. ಬದಲಾವಣೆಯ ಉದ್ದೇಶವನ್ನು ಮಾತಿನಲ್ಲಿ ಬರೆದು ಜೊತೆಗಿಡಬೇಕು. ತಿದ್ದಿದ ದೋಷ ಮತ್ತೆ ತಲೆಯೆತ್ತದಂತೆ ಒಂದು ಪರೀಕ್ಷಾಪುಟವನ್ನೂ ಸೇರಿಸಬೇಕು. ಈ ಪರೀಕ್ಷೆಗಳಲ್ಲಿ ಅನೇಕವು ನಡೆಯುವ ರೀತಿ ಸರಳವಾದರೂ ಬುದ್ಧಿವಂತಿಕೆಯದು: ಪುಟವನ್ನು ಎಂಜಿನ್ ಜೋಡಿಸಿದ ಮೇಲೆ ಅದರೊಳಗಿನ ವೃಕ್ಷವನ್ನು, ಒಂದೊಂದು ಭಾಗದ ಸ್ಥಾನ ಮತ್ತು ಅಳತೆಗಳೊಡನೆ, ಸಾದಾ ಬರಹವಾಗಿ ಹೊರಕ್ಕೆ ತೆಗೆದು, ಮೊದಲೇ ಇಟ್ಟುಕೊಂಡ ಪ್ರತಿಯೊಡನೆ ಸಾಲುಸಾಲಾಗಿ ತಾಳೆ ನೋಡುವುದು. ಎಲ್ಲಿಯೋ ಒಂದು ಪೆಟ್ಟಿಗೆ ಒಂದು ಪಿಕ್ಸೆಲ್ಲಿನಷ್ಟು ಸರಿದಿದ್ದರೂ ಕೂಡಲೆ ಕಾಣುತ್ತದೆ. ಪುಟ ಬರೆಯುವವರಿಗೂ ಎಂಜಿನ್ನಿನ ಒಳಗನ್ನು ಕಾಣುವ ಕಿಟಕಿಯೊಂದು ದೊರೆತದ್ದು ಇದೇ ಕಾಲದಲ್ಲಿ; 2006ರ ಜನವರಿಯಲ್ಲಿ ಫೈರ್‌ಫಾಕ್ಸಿಗೆ ಜೋ ಹ್ಯುವಿಟ್ ಅವರ ಫೈರ್‌ಬಗ್ಗೂ ವೆಬ್‌ಕಿಟ್ಟಿಗೆ ವೆಬ್ ಇನ್ಸ್‌ಪೆಕ್ಟರೂ ಬಂದವು. ಪರದೆಯ ಮೇಲಿನ ಯಾವ ಭಾಗಕ್ಕೆ ಯಾವ ನಿಯಮ ತಗುಲಿದೆಯೆಂದು ಬೊಟ್ಟುಮಾಡಿ ತೋರಿಸುವ ಈ ಉಪಕರಣಗಳಿಂದ, ಅದುವರೆಗೆ ಊಹೆಯಿಂದ ನಡೆಯುತ್ತಿದ್ದ ಕಸಬು ನಿರೀಕ್ಷಣೆಯ ಕಸಬಾಯಿತು.

ಅಲ್ಲಿಂದ ಮುಂದೆ ವಂಶ ಹಬ್ಬಿದ್ದು ಬಹು ಶೀಘ್ರವಾಗಿ. ನೋಕಿಯಾದ ಫೋನುಗಳಲ್ಲಿ, 2007ರಲ್ಲಿ ಐಫೋನಿನಲ್ಲಿ, ಬಳಿಕ ಆ್ಯಂಡ್ರಾಯ್ಡಿನಲ್ಲಿ, 2008ರ ಸೆಪ್ಟೆಂಬರಿನಲ್ಲಿ ಗೂಗಲ್ಲಿನ ಕ್ರೋಮ್ ಬ್ರೌಸರಿನಲ್ಲಿ ವೆಬ್‌ಕಿಟ್ ನೆಲೆಸಿತು.

ಕನ್ನಡ ಓದುವವರಿಗೆ ಈ ವಂಶದೊಡನೆ ಇನ್ನೊಂದು ಋಣವಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ಸಂಕೇತಗಳಿದ್ದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ‘ಸೂರ್ಯ’ ಎಂದು ಬರೆದರೆ ಗಣಕದ ನೆನಪಿನಲ್ಲಿ ರಕಾರ ಮೊದಲು, ಯಕಾರ ಅನಂತರ. ಪರದೆಯ ಮೇಲಾದರೋ ಯಕಾರ ಮುಂದೆ ಬಂದು ರಕಾರ ಅರ್ಕಾವೊತ್ತಾಗಿ ಹಿಂದೆ ಕೂರಬೇಕು. ‘ಅಕ್ಕ’ ಎಂಬಲ್ಲಿ ಎರಡನೆಯ ಕಕಾರ ಕುಗ್ಗಿ ಕೆಳಗಿಳಿಯಬೇಕು. ಈ ಸ್ಥಾನಾಂತರವನ್ನೆಲ್ಲ ಅರಿತ ಕೋಡ್ ಇಲ್ಲದಿದ್ದಾಗ ನಮ್ಮ ಒತ್ತಕ್ಷರಗಳು ಒಡೆದು, ಹಲಂತಗಳಾಗಿ ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಕೆಎಚ್‌ಟಿಎಂಎಲ್ಲನ್ನು ಬರೆದ ಲಾರ್ಸ್ ನೋಲ್ ಅವರೇ ತರುವಾಯ ಟ್ರೋಲ್‌ಟೆಕ್ಕಿನಲ್ಲಿದ್ದು, ಕ್ಯೂಟಿಯ ಪಠ್ಯಜೋಡಣೆಯ ಭಾಗವನ್ನು ಬೆಳೆಸಿದವರು. ಭಾರತೀಯ ಲಿಪಿಗಳ ನಿಯಮಗಳು, ಅವುಗಳೊಳಗೆ ಕನ್ನಡದವೂ, ಆ ಕೋಡಿನಲ್ಲಿದ್ದವು. ಅದು ಹಾರ್ಫ್‌ಬಜ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ ಸೇರಿ, ಲಿನಕ್ಸಿನ ಮೊದಮೊದಲ ಕ್ರೋಮಿನಲ್ಲಿಯೂ ಕನ್ನಡವನ್ನು ಜೋಡಿಸಿತು. ಮುಂದೆ ಬೆಹದಾದ್ ಎಸ್ಫಹಬೋದ್ ಅವರು ಹಾರ್ಫ್‌ಬಜ್ ಅನ್ನು ಸಮೂಲವಾಗಿ ಹೊಸದಾಗಿ ಬರೆದರು. ಇಂದು ಕ್ರೋಮಿನಲ್ಲಿಯೂ ಫೈರ್‌ಫಾಕ್ಸಿನಲ್ಲಿಯೂ ನಮ್ಮ ಒತ್ತುಗಳನ್ನು ಸ್ವಸ್ಥಾನದಲ್ಲಿ ಕೂರಿಸುತ್ತಿರುವುದು ಅದೇ. ಕನ್ನಡದ ಗಾಳಿಯೇ ಸೋಕದ ನಾಡುಗಳಲ್ಲಿ ಕುಳಿತು, ನಮ್ಮ ಅರ್ಕಾವೊತ್ತಿನ ಗತಿಯನ್ನು ಇಷ್ಟು ಶ್ರದ್ಧೆಯಿಂದ ಚಿಂತಿಸಿದವರ ಹೆಸರನ್ನು ನಮ್ಮ ಭಾಷೆಯ ಚರಿತ್ರೆಯಲ್ಲಿಯೂ ಬರೆದಿಡತಕ್ಕದ್ದು.

2005ರಲ್ಲಿ ತೆರೆದಿಟ್ಟ ವೆಬ್‌ಕಿಟ್ಟಿನ ಒಗ್ಗಟ್ಟು ಎಂಟು ವರ್ಷ ಬಾಳಿತು. ಬ್ರೌಸರಿನ ಕೆಲಸವನ್ನು ಹಲವು ಪ್ರತ್ಯೇಕ ಪ್ರಕ್ರಿಯೆಗಳಾಗಿ ವಿಭಾಗಿಸಿ ಒಂದರ ಪತನ ಇನ್ನೊಂದಕ್ಕೆ ತಾಗದಂತೆ ಮಾಡುವ ತತ್ತ್ವವನ್ನು ಆ್ಯಪಲ್, ಗೂಗಲ್ ಎರಡು ಸಂಸ್ಥೆಗಳೂ ಒಪ್ಪಿದ್ದವು. ಆದರೆ ಗೂಗಲ್ ಆ ವಿಭಾಗವನ್ನು ಎಂಜಿನ್ನಿನ ಹೊರಗೆ, ಕ್ರೋಮಿನಲ್ಲಿ ಮಾಡಿತ್ತು. ಆ್ಯಪಲ್ 2010ರಲ್ಲಿ ಪ್ರಕಟಿಸಿದ ವೆಬ್‌ಕಿಟ್2 ಅದನ್ನು ಎಂಜಿನ್ನಿನ ಒಳಗೇ ಮಾಡಿತು. ಒಂದೇ ಕೋಡ್ ಎರಡು ಶಿಲ್ಪಗಳನ್ನು ಹೊರಬೇಕಾಗಿ ಬಂದು, ಒಬ್ಬರ ತಿದ್ದುಪಾಟಿನಿಂದ ಮತ್ತೊಬ್ಬರ ಕಟ್ಟಡ ಮುರಿಯುವುದು ನಿತ್ಯದ ಸಂಗತಿಯಾಯಿತು. 2013ರ ಏಪ್ರಿಲ್ 3ರಂದು ಗೂಗಲ್ ತನ್ನ ಪಾಲನ್ನು ಬ್ಲಿಂಕ್ ಎಂಬ ಹೆಸರಿನಿಂದ ಬೇರೆ ಮಾಡಿಕೊಂಡಿತು. ಆ ದಿನ ಅವರು ಕೊಟ್ಟ ಅಂದಾಜು ಗಮನಾರ್ಹವಾದುದು: ಕೋಡನ್ನು ಓಡುವ ಪ್ರೋಗ್ರಾಮಾಗಿ ಕಟ್ಟುವ, ತಮಗೆ ಇನ್ನು ಬೇಡವಾದ 7 ಬಿಲ್ಡ್ ವ್ಯವಸ್ಥೆಗಳನ್ನೂ, 7,000ಕ್ಕೂ ಹೆಚ್ಚು ಕಡತಗಳಲ್ಲಿದ್ದ 45 ಲಕ್ಷಕ್ಕೂ ಮಿಗಿಲಾದ ಸಾಲುಗಳನ್ನೂ ತೆಗೆದುಹಾಕಬಹುದೆಂದು. ಯಾವ ಕೃತಿಯನ್ನು ಅದರ ಲಾಘವಕ್ಕಾಗಿ ಮೆಚ್ಚಿ ತಂದಿದ್ದರೋ ಅದು ಹತ್ತು ವರ್ಷಗಳಲ್ಲಿ ಎಷ್ಟು ಮೈತುಂಬಿಕೊಂಡಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಹಿಂದಿನ ಕಲಹ ಚರ್ಚೆಯ ಅಭಾವದಿಂದ ಬಂದುದು. ಈ ಪಾಲಾದರೋ ಕಾರಣಗಳನ್ನು ಬಹಿರಂಗವಾಗಿ ಹೇಳಿ ಆದುದು. ಆದ್ದರಿಂದಲೇ ಅದರಲ್ಲಿ ಅಷ್ಟು ಕಹಿಯಿರಲಿಲ್ಲ.

ನಾರ್ವೆಯ ಓಪೆರಾ ಅದೇ ವರ್ಷ ತನ್ನ ಪ್ರೆಸ್ಟೋ ಎಂಜಿನ್ನನ್ನು ತ್ಯಜಿಸಿ ಈ ವಂಶಕ್ಕೆ ದತ್ತುಹೋಯಿತು. ಮೈಕ್ರೋಸಾಫ್ಟ್ 2018ರ ಡಿಸೆಂಬರಿನಲ್ಲಿ ಎಡ್ಜ್ ಬ್ರೌಸರಿಗೆ ಕ್ರೋಮಿನ ಬುನಾದಿಯಾದ ಕ್ರೋಮಿಯಮನ್ನು ಒಪ್ಪಿಕೊಂಡಿತು. ಅಷ್ಟರಲ್ಲಿ ಬ್ಲಿಂಕಿನವರು ಕೆಎಚ್‌ಟಿಎಂಎಲ್ಲಿನಿಂದ ಬಂದ ಪುಟಜೋಡಣೆಯ ಭಾಗವನ್ನೇ ಹಂತಹಂತವಾಗಿ ಹೊಸದಾಗಿ ಬರೆಯತೊಡಗಿದ್ದರು; ಅದರ ಮೊದಲ ಫಲ 2019ರಲ್ಲಿ ಕ್ರೋಮ್ 77ರೊಡನೆ ಬಂದಿತು. ನೆಟ್‌ಸ್ಕೇಪಿನವರ ಹಾಗೆ ಹಳೆಯದನ್ನು ಕೈಬಿಟ್ಟು ಬುಡದಿಂದ ಕಟ್ಟಲಿಲ್ಲ, ವಾಸವಿದ್ದ ಮನೆಯಲ್ಲಿಯೇ ಕಂಬಗಳನ್ನು ಬದಲಿಸಿದರು. ಗೆಕ್ಕೋ ಒಂದೇ ಬೇರೆ ಗೋತ್ರದ ದೊಡ್ಡ ಎಂಜಿನ್ನಾಗಿ ಉಳಿದಿದೆ. ಅದು ಉಳಿಯಬೇಕೆಂದು ಆಶಿಸುವವರಲ್ಲಿ ನಾನೂ ಒಬ್ಬ; ನಿಯಮಗ್ರಂಥದ ಮಾತಿಗೆ ಎರಡನೆಯ ಅರ್ಥವೊಂದುಂಟೆಂದು ತೋರಿಸಬಲ್ಲ ಇನ್ನೊಬ್ಬ ಓದುಗನಿಲ್ಲದಿದ್ದರೆ, ಒಬ್ಬನ ತಪ್ಪೇ ನಿಯಮವಾಗಿಬಿಡುತ್ತದೆ.

ತಾಯಿಯಾದ ಕೆಎಚ್‌ಟಿಎಂಎಲ್ ಮಾತ್ರ ತನ್ನ ಮಕ್ಕಳಷ್ಟು ಬಾಳಲಿಲ್ಲ. ಕಾಂಕರರ್ ಕೂಡ ಕಾಲಕ್ರಮದಲ್ಲಿ ಬ್ಲಿಂಕಿನ ಸಂತಾನವನ್ನೇ ಆಶ್ರಯಿಸಿತು. 2024ರ ಫೆಬ್ರವರಿಯಲ್ಲಿ ಬಂದ ಕೆಡಿಇಯ ಆರನೆಯ ಮಹಾ ಆವೃತ್ತಿಯಲ್ಲಿ ಕೆಎಚ್‌ಟಿಎಂಎಲ್ ಇರಲಿಲ್ಲ. ಆದರೆ ವೆಬ್‌ಕಿಟ್ಟಿನ ಭಂಡಾರದಲ್ಲಿ ರೆಂಡರ್‌ಆಬ್ಜೆಕ್ಟ್ ಎಂಬ ಕಡತವನ್ನು ತೆರೆದರೆ ಅದರ ಶಿರೋಭಾಗದಲ್ಲಿ 1999ನೆಯ ಇಸವಿಯೂ, ನೋಲ್, ಕೊಯಿವಿಸ್ಟೋ ಮುಂತಾದವರ ಹೆಸರುಗಳೂ ಹಕ್ಕುದಾರರ ಸಾಲಿನಲ್ಲಿ ನಿಂತಿವೆ. ಅದರ ಕೆಳಗೆ ಆ್ಯಪಲ್ಲಿನ ಹೆಸರು. ಬ್ಲಿಂಕಿನಲ್ಲಿ ಹೊಸ ಸೌಲಭ್ಯವನ್ನು ಸೇರಿಸಬಯಸುವವನು ಇಂದು ಮೊದಲು ತನ್ನ ಉದ್ದೇಶವನ್ನು ಬಹಿರಂಗವಾಗಿ ಬರೆದು, ಬೇರೆ ಎಂಜಿನ್ನುಗಳವರ ಅಭಿಪ್ರಾಯವೇನೆಂದು ಅದರಲ್ಲಿಯೇ ನಮೂದಿಸಿ, ನಿಯಮಿತರಾದ ಮೂವರ ಒಪ್ಪಿಗೆಯನ್ನು ಪಡೆದ ಮೇಲೆಯೇ ಅದನ್ನು ಓದುಗರಿಗೆ ಒದಗಿಸಬೇಕು. 2005ರಲ್ಲಿ ಕೆಡಿಇಯವರು ಬೇಡಿಯೂ ಸುಲಭವಾಗಿ ದೊರೆಯದಿದ್ದ ಕಾರಣಗಳು ಈಗ ಕೋಡಿಗಿಂತ ಮುಂಚಿತವಾಗಿಯೇ ಪ್ರಕಟವಾಗುತ್ತಿವೆ.